ವಕೀಲರು ಕೇಳದ ಪ್ರಶ್ನೆ

"ಇವತ್ತು ಬಿಡುಗಡೆ ಆದ್ರೆ ಮಗ ಸೀದಾ ಮನೆಗೇ ಬರ್ತಾನಲ್ವಾ ಸಾರ್?"

ತೀರ್ಪಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕೋರ್ಟಿನ ಕಾರಿಡಾರಿನಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಹಿರಿಯ ವಕೀಲರು ಆರೋಪಿಯ ತಾಯಿಗೆ ಧೈರ್ಯ ಹೇಳುವ ಹುರುಪಿನಲ್ಲಿ, "ಬರದೆ ಇನ್ನೆಲ್ಲಿಗೆ ಹೋಗ್ತಾನಮ್ಮ? ನೀವೇನೂ ಹೆದರ್ಬೇಡಿ, ಕೇಸು ಗೆದ್ದ ಹಾಗೇ" ಎಂದರು.

"ಅದಕ್ಕೇ ಹೆದರಿಕೆ" ಎಂದಳು ಆಕೆ.

ವಕೀಲರ ಕೈ ಗುಂಡಿಯ ಮೇಲೇ ನಿಂತಿತು. ಆಕೆಯ ಹೆಗಲ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಆ ಮಗುವಿನ ತಾಯಿ ಹೋದ ವರ್ಷ ಮಹಡಿ ಮೆಟ್ಟಿಲಿಂದ ಉರುಳಿ ಸತ್ತಿದ್ದಳು. ಗಂಡನೇ ದೂಡಿದ ಎಂಬುದು ಪೊಲೀಸರ ಕೇಸು. ತನ್ನ ಅಡುಗೆಮನೆಯ ಕಿಟಕಿಯಿಂದ ಕಣ್ಣಾರೆ ಕಂಡೆ ಎಂದ ಎದುರುಮನೆಯಾಕೆಯನ್ನು ವಕೀಲರು ಪಾಟೀಸವಾಲಿನಲ್ಲಿ ಹಿಂಡಿ ಹಿಪ್ಪೆ ಮಾಡಿದ್ದರು. ಕನ್ನಡಕ ಹಾಕಿದ್ದಿರೋ ಇಲ್ಲವೋ, ಪರದೆ ಎಷ್ಟು ಸರಿದಿತ್ತು, ಒಲೆಯ ಮೇಲೆ ಏನಿತ್ತು ಎಂದು ಕೇಳುತ್ತ ಕೇಳುತ್ತ, ಕೊನೆಗೆ ತನ್ನ ಮನೆಗೆ ಕಿಟಕಿ ಇದೆಯೋ ಇಲ್ಲವೋ ಎಂದು ಆಕೆಗೇ ಅನುಮಾನ ಬರುವಂತೆ ಮಾಡಿದ್ದರು. ಕೊಲೆ ಕೇಸುಗಳೆಂದರೆ ಅವರೇ. ಶವಪರೀಕ್ಷೆ ಮಾಡಿದ ಡಾಕ್ಟರುಗಳು ಅವರ ಹೆಸರು ಕೇಳಿದರೆ ರಜೆ ಹಾಕುತ್ತಾರೆಂದು ಜೂನಿಯರುಗಳು ನಗುವುದುಂಟು.

"ಅಷ್ಟು ದಿನ ಕೋರ್ಟಲ್ಲಿ ಕೂತು ಕೇಳಿದ್ರೂ ನನಗೇನೂ ತಿಳೀಲಿಲ್ಲ ಸಾರ್" ಎಂದಳು ತಾಯಿ, ದನಿ ತಗ್ಗಿಸಿ. "ಹೆತ್ತವಳು ನಾನು. ಮಾಡಿಲ್ಲ ಅಂತ ಒಂದು ಮನಸ್ಸು ಹೇಳುತ್ತೆ. ಇನ್ನೊಂದು ಮನಸ್ಸಿಗೆ ಅವನ ಸಿಟ್ಟು ಗೊತ್ತು. ನಾನು ಕೇಳಿದ್ರೆ 'ಇಲ್ಲಮ್ಮ' ಅಂತಾನೆ, ಅಂದು ಬೇರೆ ಕಡೆ ನೋಡ್ತಾನೆ. ನಿಮ್ಮ ಹತ್ರ ನಿಜ ಹೇಳಿರ್ತಾನಲ್ಲ? ಯಾರ ಮುಂದೂ ಬಾಯಿ ಬಿಡಲ್ಲ, ಹೇಳಿ. ಮಾಡಿದ್ದಾನೆ ಅಂದ್ರೆ ಈ ಮಗೂನ ಎತ್ಕೊಂಡು ಈಗಲೇ ತಂಗಿ ಊರಿಗೆ ಹೊರಟುಬಿಡ್ತೀನಿ. ಮಾಡಿಲ್ಲ ಅಂದ್ರೆ, ಅಪ್ಪ ಮಗಳನ್ನ ಅಗಲಿಸಿದ ಪಾಪ ನನಗ್ಯಾಕೆ?"

ವಕೀಲರು ಅರ್ಧಕ್ಕೆ ನಿಂತಿದ್ದ ಗುಂಡಿಯನ್ನು ಹಾಕಿಕೊಂಡರು. "ನನಗೆ ಗೊತ್ತಿಲ್ಲಮ್ಮ."

"ನೀವು ಕೇಳ್ಲೇ ಇಲ್ವಾ?"

"ನಾನು ಯಾರನ್ನೂ ಕೇಳಲ್ಲ."

ಆಕೆ ಮಿಕಿಮಿಕಿ ನೋಡಿದಳು. ವಕೀಲರನ್ನು ಬಿಟ್ಟರೆ ಬೇರೆಯವರ ತಲೆಗೆ ಹೋಗುವ ಮಾತಲ್ಲ ಅದು. ಮಾಡಿದ್ದೀಯಾ ಎಂದು ಕಕ್ಷಿದಾರನನ್ನು ಕೇಳಬಾರದು. ಕೇಳಿ, ಅವನು ಹೂಂ ಎಂದುಬಿಟ್ಟರೆ ವಾದ ಮಾಡುವವನ ಕೈ ಕಟ್ಟಿದಂತೆ. ಸಾಕ್ಷಿ ಗಟ್ಟಿಯೋ ಜೊಳ್ಳೋ ನೋಡುವುದಷ್ಟೇ ತನ್ನ ಕೆಲಸ. ಈ ನಿಯಮ ಹಿಡಿದೇ ಅವರು ಇಷ್ಟು ಎತ್ತರಕ್ಕೆ ಬೆಳೆದಿದ್ದರು, ಹಾಸಿಗೆಗೆ ತಲೆ ಕೊಟ್ಟ ಕೂಡಲೇ ನಿದ್ದೆಯನ್ನೂ ಮಾಡುತ್ತಿದ್ದರು. ಈಗ ಅವರು ಆ ಮಗುವಿನ ತೆರೆದ ಬಾಯಿಯನ್ನೇ ನೋಡುತ್ತ ನಿಂತರು.

"ಇರಿ, ಬಂದೆ" ಎಂದು ಕಾರಿಡಾರಿನ ತುದಿಗೆ ನಡೆದರು. ಮಗ ಅಲ್ಲಿ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದ. ಜಾಮೀನು ಸಿಕ್ಕಿದ್ದರೂ ಅವನು ಮನೆಗೆ ಹೋಗುವಂತಿರಲಿಲ್ಲ. ಸಾಕ್ಷಿ ಎದುರುಮನೆಯವಳಾದ್ದರಿಂದ ತೀರ್ಪಾಗುವವರೆಗೂ ಆ ಬೀದಿಗೆ ಕಾಲಿಡಬಾರದೆಂದು ಕೋರ್ಟು ಷರತ್ತು ಹಾಕಿತ್ತು. ಇವತ್ತು ಗೆದ್ದರೆ ಆ ಷರತ್ತೂ ಹೋಗುತ್ತದೆ. ಅದನ್ನು ತೆಗೆಸಲು ಹಗಲಿರುಳು ದುಡಿದವರು ತಾವೇ ಎಂಬುದು ವಕೀಲರಿಗೆ ಆಗ ನೆನಪಾಯಿತು.

"ಒಂದು ಮಾತು ಕೇಳ್ಬೇಕಿತ್ತು." ಎಂಥೆಂಥ ಸಾಕ್ಷಿಗಳ ನೀರಿಳಿಸಿದ ನಾಲಿಗೆ ಇಲ್ಲಿ ತಡವರಿಸಿತು. "ಅವತ್ತು... ಆ ಮೆಟ್ಟಿಲ ಮೇಲೆ..."

ಅವನು ಅವರನ್ನೇ ದಿಟ್ಟಿಸಿದ. "ಮೊದಲನೇ ದಿನ ನಾನಾಗೇ ಹೇಳೋಕೆ ಬಂದಿದ್ದೆ ಸಾರ್. 'ಬಾಯಿ ಮುಚ್ಚು, ನನಗೇನೂ ಹೇಳ್ಬೇಡ' ಅಂತ ನೀವೇ ಗದರಿಸಿದ್ರಿ. ಆಗ ಹೇಳಿ ಹಗುರ ಆಗೋಣ ಅಂತಿದ್ದೆ." ಅವನು ಮುಖ ತಿರುಗಿಸಿದ. "ಈಗ ಯಾಕೆ, ಬಿಡಿ."

ಒಳಗಿನಿಂದ ಕರೆ ಬಂತು. ನ್ಯಾಯಾಧೀಶರು ಓದುತ್ತಿದ್ದಷ್ಟು ಹೊತ್ತೂ ವಕೀಲರ ತಲೆಯೊಳಗೆ ಬೇರೆಯೇ ವಿಚಾರಣೆ ನಡೆದಿತ್ತು. ಅವನು ಹೇಳಬೇಕೆಂದಿದ್ದು ತಪ್ಪೊಪ್ಪಿಗೆಯೋ, ಮಾಡದ ತಪ್ಪಿಗೆ ಸಿಕ್ಕಿಬಿದ್ದೆ ಎಂಬ ಗೋಳೋ? ಯಾವ ಕಡೆಗೆ ಬೇಕಾದರೂ ವಾದ ಮಾಡಬಲ್ಲವರು ಅವರು. ಎರಡೂ ಕಡೆಗೆ ಮಾಡಿ ನೋಡಿದರು. ಎರಡು ಸಲವೂ ಗೆದ್ದರು.

"ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ" ಎಂದರು ನ್ಯಾಯಾಧೀಶರು. ಜೂನಿಯರುಗಳು ಮುಗಿಬಿದ್ದು ಕೈ ಕುಲುಕಿದರು. ಸರ್ಕಾರಿ ವಕೀಲರೂ ಬಂದು, "ಆ ಕಿಟಕಿ ಪ್ರಶ್ನೆ ಕೇಳಿದ್ರಲ್ಲ, ಅಲ್ಲೇ ನನ್ನ ಕಥೆ ಮುಗೀತು" ಎಂದು ನಕ್ಕರು. ಹಿರಿಯ ವಕೀಲರಿಗೆ ನಗು ಬರಲಿಲ್ಲ.

ಹೊರಗೆ ತಾಯಿ ಅದೇ ಜಾಗದಲ್ಲಿ ನಿಂತಿದ್ದಳು. "ಬಿಡುಗಡೆ ಅಂದ್ರೆ, ಮಾಡಿಲ್ಲ ಅಂತ ಅರ್ಥಾನಾ ಸಾರ್?"

"ಮಾಡಿದ್ದಾನೆ ಅಂತ ಸಾಬೀತಾಗಿಲ್ಲ ಅಂತಮ್ಮ."

"ಎರಡೂ ಒಂದೇನಾ?"

ಅಷ್ಟರಲ್ಲಿ ಮಗ ಬಂದ. ಮುಖ ತೊಳೆದು ತಲೆ ಬಾಚಿಕೊಂಡಿದ್ದ. ಮಗುವನ್ನು ಕಂಡು ಅವನ ಕಣ್ಣು ತುಂಬಿತು. ಎರಡೂ ಕೈ ಚಾಚಿ, "ಕೊಡಮ್ಮ, ಎಷ್ಟು ಹೊತ್ತು ಅಂತ ಎತ್ಕೊಂಡಿರ್ತೀಯ" ಎಂದ.

ಆಕೆ ಮಗುವನ್ನು ಎದೆಗೆ ಬಿಗಿಯಾಗಿ ಅವಚಿಕೊಂಡು, ಮಗನತ್ತ ನೋಡದೆ, ವಕೀಲರ ಕಡೆ ತಿರುಗಿದಳು.

"ಕೊಡ್ಲಾ ಸಾರ್?"