ಸುಟ್ಟ ಆಯಿಲ್

ಸರ್ವಿಸ್‌ಗೆ ಬಿಟ್ಟ ಕಾರಿನ ಹಳೆಯ ಆಯಿಲನ್ನು ಮೆಕ್ಯಾನಿಕ್ ಡಬ್ಬಕ್ಕೆ ಸುರಿಯುವಾಗ, ಆ ಸುಟ್ಟ ವಾಸನೆಗೆ ಈಗಲೂ ವಡಪಳನಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಹತ್ತು ವರ್ಷ; ತಮಿಳರ ಊರಿನಲ್ಲಿ ನೆಲೆಸಿದ್ದ ಕನ್ನಡದವರು ನಾವು. ಅಮ್ಮ ಟೀಚರ್. ವೆಸ್ಟ್ ಮಾಂಬಲಂನ ನಮ್ಮ ಮನೆಯಿಂದ ಮಾಧವರಂನ ಶಾಲೆಗೆ ದಿನಾ ಸ್ಕೂಟರಿನಲ್ಲೇ ಹೋಗುತ್ತಿದ್ದಳು. ಒಂದು ಭಾನುವಾರ, ನಾನು ಪಕ್ಕದಲ್ಲೇ ಕೂತಿದ್ದಾಗ, ಅವಳು ಎಂಜಿನ್ನಿನ ಆಯಿಲ್ ಕಡ್ಡಿಯನ್ನು ಬಟ್ಟೆಗೆ ಒರೆಸಿ ಅಪ್ಪನಿಗೆ ತೋರಿಸಿದಳು.

"ನೋಡ್ರೀ, ಎಷ್ಟು ಕರ್ರಗಾಗಿದೆ. ಬದಲಾಯಿಸಿಬಿಡೋಣ."

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಬುಕ್ಕಲ್ಲಿ ಹೇಳಿರೋ ಕಿಲೋಮೀಟರ್ ಇನ್ನೂ ಆಗಿಲ್ಲ. ನಿಂಗೇನು ಗೊತ್ತು ಎಂಜಿನ್ ವಿಷಯ?"

"ದಿನಾ ಓಡ್ಸೋಳು ನಾನು," ಎಂದಷ್ಟೇ ಹೇಳಿ ಅಮ್ಮ ಒಳಗೆ ಹೋದಳು.

ಎರಡು ವಾರದ ನಂತರ, ನಾನು ಹಿಂದೆ ಕೂತಿದ್ದಾಗಲೇ, ವಡಪಳನಿ ಸಿಗ್ನಲ್ಲಿನಲ್ಲಿ ಎಂಜಿನ್ ಸೀಜ್ ಆಗಿ ಗಾಡಿ ನಿಂತುಹೋಯಿತು. ಅಮ್ಮ ಉರಿಬಿಸಿಲಲ್ಲಿ ಗಾಡಿ ತಳ್ಳಿಕೊಂಡು ಒಂದು ವರ್ಕ್‌ಶಾಪ್ ಮುಟ್ಟಿದಳು. ಅಪ್ಪ ಬ್ಯಾಂಕಿನಿಂದ ಆಟೋ ಹಿಡಿದು ಬಂದರು. ಆಯಿಲ್ ಎಂದೋ ಬದಲಾಯಿಸಬೇಕಿತ್ತು ಎಂದು ಮೆಕ್ಯಾನಿಕ್ ತಮಿಳಿನಲ್ಲಿ ಬೈದ.

ಅಪ್ಪ ಅಮ್ಮನ ಕಡೆ ತಿರುಗಿದರು. "ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?"

"ಹೇಳಿದ್ದೆ. ಇವಳ ಎದುರಿಗೇ ಹೇಳಿದ್ದೆ."

ಇಬ್ಬರೂ ನನ್ನನ್ನು ನೋಡಿದರು. ಅಪ್ಪನ ಮುಖ ಕೆಂಪಾಗಿತ್ತು.

"ತೆರಿಯಾದುಪ್ಪಾ," ಎಂದೆ. ಗೊತ್ತಿಲ್ಲ ಎನ್ನಲು ಕನ್ನಡ ನಾಲಿಗೆಗೆ ಬರಲಿಲ್ಲ.

ಅಮ್ಮ ಮಸಿಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಸ್ಕೂಟರ್ ರಿಪೇರಿಯಾಗಿ ಬಂತು. ಅಮ್ಮ ಅದನ್ನು ಮತ್ತೆ ಮುಟ್ಟಲಿಲ್ಲ. ಎರಡು ಬಸ್ಸು ಬದಲಾಯಿಸಬೇಕಾಗಿದ್ದರಿಂದ, ನಾನು ಏಳುವ ಮೊದಲೇ ಹೊರಟುಬಿಡುತ್ತಿದ್ದಳು. ಅದುವರೆಗೆ ಅಮ್ಮ ಹೆಣೆಯುತ್ತಿದ್ದ ನನ್ನ ಜಡೆಯನ್ನು ನಾನೇ ಹೆಣೆದುಕೊಳ್ಳಲು ಕಲಿತೆ.