ಒಂಬತ್ತೇ ಇರಬೇಕು

"ಇವತ್ತೂ ಒಂದು ಹೋಯ್ತಾ?" ಎನ್ನುತ್ತ ಮಾಕ್ ಕಿನ್ ಅಂಗಿಯ ತೋಳು ಮಡಚಿ ಗಾಜಿನ ತೊಟ್ಟಿಯೊಳಗೆ ಕೈ ಇಳಿಸಿದ. ಹವಳದ ಬಂಡೆಯ ಹಿಂದೆ ಹಳದಿ ಮೀನೊಂದು ಮಗ್ಗುಲಾಗಿ ಬಿದ್ದಿತ್ತು. ಈ ಕಷಾಯದಂಗಡಿಯಲ್ಲಿ ಅವನು ಹೀಗೆ ಎತ್ತುತ್ತಿರುವ ಏಳನೆಯ ಹೆಣ ಅದು.

ಅಂಗಡಿಯ ಒಡತಿ ಲಾಯ್ ಹಾ ತಾಮ್ರದ ಹಂಡೆಯ ಹಿಂದಿನಿಂದ ಬಂದಳು. "ಬೆಳಿಗ್ಗೆಯೇ ನೋಡಿದೆ. ಬದಲಿ ತಂದಾಯ್ತು ಬಿಡಿ ಮೇಸ್ತ್ರಿ" ಎಂದು ಹೊಸ ಮೀನಿದ್ದ ಪ್ಲಾಸ್ಟಿಕ್ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟಳು.

ಮಾಕ್‌ಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ಸುಸ್ತಾಗಿದ್ದ. ಷಾಮ್ ಷುಯಿ ಪೋ ಪೇಟೆಯ ಅಂಗಡಿ, ದವಾಖಾನೆಗಳ ಮೀನುತೊಟ್ಟಿಗಳಿಗೆಲ್ಲ ಇಪ್ಪತ್ತೆರಡು ವರ್ಷ ಉಪ್ಪುನೀರು ಹೊತ್ತು ಅವನ ಸೊಂಟ ಬಿದ್ದುಹೋಗಿತ್ತು. ಪರೀಕ್ಷೆಯ ಕೊಳವೆಯನ್ನು ಅವಳ ಮುಖದ ಮುಂದೆ ಹಿಡಿದ. ನೀರು ಕಡುಹಸಿರಿಗೆ ತಿರುಗಿತ್ತು, ವಿಷ ಏರಿದ ಗುರುತು.

"ಅಕ್ಕಾ, ಎಷ್ಟು ಸಲ ಬಡ್ಕೊಳ್ಳಲಿ? ಈ ಫಿಲ್ಟರು ಐದು ಮೀನಿನ ಗಲೀಜು ತೆಗೆಯೋದೇ ಹೆಚ್ಚು. ನೀವು ಒಂಬತ್ತು ತುಂಬ್ತೀರಿ. ತಮ್ಮ ಉಚ್ಚೇಲಿ ತಾವೇ ಉಸಿರುಗಟ್ಟಿ ಸಾಯ್ತಾವೆ."

"ಒಂಬತ್ತೇ ಇರಬೇಕು. ನಮ್ಮ ಮಾತಲ್ಲಿ ಗೌ ಅಂದ್ರೆ ಒಂಬತ್ತು, ಅದೇ ಗೌ ಅಂದ್ರೆ ಬಹುಕಾಲ. ನಿಮ್ಮಮ್ಮ ಹೇಳಿಕೊಡಲಿಲ್ವಾ?"

"ಹೇಳಿಕೊಟ್ಟಿದ್ಲು ಮಾರಾಯ್ತಿ. ಅದಕ್ಕೇ ಇವತ್ತು ವಾದಕ್ಕೆ ಬಂದಿಲ್ಲ."

ಅವನು ಬಾಗಿಲ ಬಳಿ ಇಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿದ. ಮುಚ್ಚಿಹೋದ ಹೋಟೆಲೊಂದರ ತೊಟ್ಟಿಯಿಂದ ಕಳಚಿ ತಂದಿದ್ದ ನೊರೆಯಂತ್ರ. ನೀರಿನಲ್ಲಿ ಗುಳ್ಳೆ ಎಬ್ಬಿಸಿ, ಕೊಳೆಯನ್ನೆಲ್ಲ ನೊರೆಯಾಗಿ ಮೇಲಕ್ಕೆ ತಳ್ಳುವಂಥದ್ದು. ಯಾರೂ ಕೇಳಿರಲಿಲ್ಲ, ತಾನಾಗಿಯೇ ಹೊತ್ತು ತಂದಿದ್ದ. ಹೆಣ ಎತ್ತಿ ಎತ್ತಿ ಜೀವ ರೋಸಿಹೋಗಿತ್ತು. ಮುಕ್ಕಾಲು ಗಂಟೆ ಮಂಡಿಯೂರಿ ಅದನ್ನು ತೊಟ್ಟಿಯ ಕೆಳಗೆ ಕೂರಿಸಿ, ಗೋಡೆಯ ಸ್ವಿಚ್ಚಿನವರೆಗೂ ವೈರು ಎಳೆದು, ಸೊಂಟ ಹಿಡಿದುಕೊಂಡು ಎದ್ದು ನಿಂತ.

"ಇನ್ನು ಒಂಬತ್ತಲ್ಲ, ಹನ್ನೆರಡು ಬಿಡಿ ಬೇಕಾದ್ರೆ. ಒಂದೂ ಸಾಯಲ್ಲ."

ಲಾಯ್ ಹಾಳ ಮುಖ ಕಪ್ಪಿಟ್ಟಿತು. "ಒಂದೂ?"

"ಒಂದೂ ಇಲ್ಲ."

"ಹಾಗಾದ್ರೆ ಬೇಡ. ತೆಗೀರಿ ಅದನ್ನ."

ತಮಾಷೆ ಎಂದುಕೊಂಡು ಮಾಕ್ ನಕ್ಕ. ಅವಳು ನಗಲಿಲ್ಲ. ಅಂಗಡಿಯ ಹಿಂಬದಿಯ ಪರದೆಯತ್ತ ಒಮ್ಮೆ ನೋಡಿದಳು. ಅದರಾಚೆ ಅವಳ ಗಂಡ ಹೊಯ್ ಮಲಗಿದ್ದ. ಶ್ವಾಸಕೋಶ ಪೂರ್ತಿ ಕೆಟ್ಟಿದೆ ಎಂದು ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು.

"ಹೊಸ ವರ್ಷ ದಾಟಲ್ಲ ಅಂದಿದ್ರು. ಈಗ ಎಂಟನೇ ತಿಂಗಳ ಚಂದ್ರನ ಹಬ್ಬ ಬಂತು" ಎಂದಳು ದನಿ ತಗ್ಗಿಸಿ. "ಮೊದಲನೇ ಮೀನು ಸತ್ತ ದಿನ ಇವರ ಜ್ವರ ಇಳೀತು. ಎರಡನೇದು ಹೋದಾಗ ರಕ್ತ ಕಾರೋದು ನಿಂತಿತು. ಮನೆಗೆ ಬಂದ ಕೇಡನ್ನ ಮೀನು ತನ್ನ ಮೈಮೇಲೆ ಹಾಕ್ಕೊಂಡು ಹೋಗುತ್ತೆ ಅಂತಾರಲ್ಲ, ಸುಳ್ಳಾ ಅದು? ಏಳು ಸಲ ಇವರ ಬದಲಿಗೆ ಹೋಗಿದಾವೆ. ಒಂದೂ ಸಾಯದಿದ್ರೆ ಮುಂದಿನ ಸಲ ಯಾರು ಹೋಗಬೇಕು ಹೇಳಿ?"

"ಅಯ್ಯೋ, ಅವು ಕೊಳಕು ನೀರಿಗೆ ಸಾಯ್ತಿರೋದು ಕಣಕ್ಕಾ!"

"ಯಾವುದಕ್ಕಾದ್ರೂ ಸಾಯಲಿ. ಅವು ಸತ್ವು, ಇವರು ಉಳಿದ್ರು." ಅವಳು ಯಂತ್ರದ ತಿರುಗುಗುಂಡಿಯ ಕಡೆ ಬೆರಳು ತೋರಿಸಿದಳು. "ಸ್ವಲ್ಪ ಕಡಿಮೆ ಓಡೋ ಹಾಗೆ ಇಡೋಕಾಗಲ್ವಾ ಮೇಸ್ತ್ರಿ? ಎಂಟು ಬದುಕಿಕೊಳ್ಳಲಿ. ತಿಂಗಳಿಗೆ ಒಂದು ಹೋದ್ರೆ ಸಾಕು."

ಗುಂಡಿಯನ್ನು ಹದವಾಗಿ ತಿರುಗಿಸಿದರೆ ಅದು ಆಗದ ಕೆಲಸವೇನಲ್ಲ ಎಂದು ಹೊಳೆದದ್ದಕ್ಕೇ ಮಾಕ್‌ಗೆ ಭಯವಾಯಿತು.

ಪರದೆ ಸರಿಯಿತು. ಹೊಯ್ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಮೂಗಿಗೆ ಸಿಕ್ಕಿಸಿದ್ದ ಆಮ್ಲಜನಕದ ನಳಿಗೆ ಹಿಂದೆಯೇ ತೆವಳುತ್ತ ಬರುತ್ತಿತ್ತು.

"ಅಯ್ಯೋ, ಯಾರು ಏಳಿ ಅಂದ್ರು ನಿಮಗೆ?"

"ಮಲಗಿದ್ದಲ್ಲಿಗೆ ಎಲ್ಲ ಕೇಳುತ್ತೆ ಕಣೇ." ಉಸಿರಿಗಾಗಿ ನಿಂತು ಮತ್ತೆ ಹೇಳಿದ: "ಒಂದೊಂದು ಸತ್ತಾಗಲೂ ಅವತ್ತು ಗಂಜಿ ಜಾಸ್ತಿ ಬಡಿಸ್ತೀಯ. ನನಗೆ ಗೊತ್ತಾಗಲ್ವಾ? ಸಾಕು. ಅವಕ್ಕೂ ಸಾಕಾಗಿದೆ, ನನಗೂ ಸಾಕಾಗಿದೆ. ಮಾಕ್, ಸ್ವಿಚ್ ಹಾಕಪ್ಪ. ನನ್ನ ಸರದಿ ನಾನು ನೋಡ್ಕೋತೀನಿ."

ಮಾಕ್ ಗೋಡೆಯತ್ತ ಹೆಜ್ಜೆ ಇಟ್ಟ. ಅಷ್ಟರಲ್ಲಿ ಲಾಯ್ ಹಾ ಓಡಿಹೋಗಿ ಸ್ವಿಚ್ಚಿನ ಮೇಲೆ ಅಂಗೈ ಒತ್ತಿ ನಿಂತುಬಿಟ್ಟಳು. ಅವಳು ಅಳುತ್ತಿದ್ದಳು.

ಹೊಯ್ ಕಾಲೆಳೆಯುತ್ತ ಹೋಗಿ ಅವಳ ಕೈಮೇಲೆ ತನ್ನ ಕೈ ಇಟ್ಟು ಸರಿಸಲು ನೋಡಿದ. ಎರಡು ಸಲ ನೋಡಿದ. ಅಷ್ಟು ಬಲ ಆ ಬೆರಳುಗಳಲ್ಲಿ ಉಳಿದಿರಲಿಲ್ಲ.