ಪಟಗಾ ಸುತ್ತಿದ ಅಕ್ಷರ

ಹುಕ್ಕೇರಿ ಪೇಟೆಯಲ್ಲಿ ಮಾಲಿಂಗ ಏಣಿ ಹತ್ತಿ ತನ್ನ ಹೆಸರಿನ ಮೇಲೆ ತಾನೇ ಬಣ್ಣ ಬಳಿಯುತ್ತಿದ್ದ. ಹಿಟ್ಟಿನ ಗಿರಣಿ, ಬಟ್ಟೆ ಅಂಗಡಿ, ಸೈಕಲ್ ಅಂಗಡಿ, ಅವನು ಬರೆದ ಬೋರ್ಡುಗಳು ಎಲ್ಲೆಲ್ಲಿ ಉಳಿದಿದ್ದವೋ ಅಲ್ಲೆಲ್ಲ ಮೂಲೆಯ 'ಮಾಲಿಂಗ ಪೇಂಟರ್' ಎಂಬ ಸಹಿ ಮಾಯವಾಗುತ್ತಿತ್ತು.

ಮುಂಜಾನೆಯೇ ಗೋಕಾಕದಿಂದ ಕರದಂಟು ಅಂಗಡಿಯ ದುಂಡಪ್ಪ ಫೋನ್ ಮಾಡಿದ್ದ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಬಂದು, ಮಾಲಿಂಗ ಬರೆದ ಬೋರ್ಡಿನ ಒಂದೊಂದೇ ಅಕ್ಷರಕ್ಕೆ ಟೇಪು ಹಿಡಿದು, ಫೋಟೊ ತೆಗೆದು, ಬರೆದವರು ಯಾರೆಂದು ಕೇಳಿದ್ದಳಂತೆ. ಮೂಲೆ ತುಕ್ಕು ಹಿಡಿದು ಸಹಿ ಉದುರಿದ್ದರಿಂದ ದುಂಡಪ್ಪ ಗೊತ್ತಿಲ್ಲವೆಂದು ಜಾರಿಕೊಂಡಿದ್ದ. ಈಗ ಅವಳು ಹುಕ್ಕೇರಿ ಬಸ್ಸು ಹತ್ತಿದ್ದಳು.

ಬೋರ್ಡಿನಲ್ಲಿ ಕನ್ನಡ ಇಷ್ಟಿರಬೇಕು, ಅಷ್ಟಿರಬೇಕು ಎಂಬ ಗದ್ದಲ ನಡೆದಿದ್ದ ಕಾಲ. ಪೇಟೆಯ ಜನ ಅದಕ್ಕೆ ತಮ್ಮದೊಂದು ಬಾಲ ಸೇರಿಸಿದ್ದರು: ಅಕ್ಷರ ಸೊಟ್ಟಗಿದ್ದರೂ ದಂಡವಂತೆ. ಒಬ್ಬ ತನ್ನ ಅಂಗಡಿಯ ಇಂಗ್ಲಿಷಿಗೆ ಗೋಣಿಚೀಲ ಹೊದಿಸಿದ. ಇನ್ನೊಬ್ಬ 'ಮೊಬೈಲ್ ಶಾಪಿ'ಯನ್ನು 'ಸಂಚಾರಿ ದೂರವಾಣಿ ಮಳಿಗೆ' ಮಾಡಿ, ಬಂದ ಗಿರಾಕಿಗಳಿಗೆಲ್ಲ ಅದರ ಅರ್ಥ ಹೇಳುತ್ತ ಬಾಗಿಲಲ್ಲೇ ನಿಂತ.

ಸೊಟ್ಟ ಅಕ್ಷರವೆಂದರೆ ಮಾಲಿಂಗನದೇ. ಅವನ ತಲೆಕಟ್ಟು ಸಾಲೆಯ ಪುಸ್ತಕದಂತೆ ಸಪಾಟಾಗಿರುತ್ತಿರಲಿಲ್ಲ. ಕುರಿ ಕಾಯುತ್ತಿದ್ದ ಅವನಪ್ಪನ ತಲೆಯ ಮೇಲಿನ ಪಟಗಾದಂತೆ ಸುತ್ತು ಸುತ್ತಾಗಿ ಏರಿ, ಬಲಕ್ಕೊಂದು ಚುಂಗು ಬಿಡುತ್ತಿತ್ತು. ಒಂದು ಕಾಲಕ್ಕೆ ಅದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಆಮೇಲೆ ಮೂಡಲಗಿಯಲ್ಲಿ ಲಗಮಣ್ಣ ಫ್ಲೆಕ್ಸ್ ಮಷಿನ್ ತಂದ. ಕುಂಚ ಹಿಡಿದರೆ ಕೈ ನಡುಗುತ್ತಿದ್ದ ಲಗಮಣ್ಣ, ಪುಢಾರಿಗಳ ಹುಟ್ಟುಹಬ್ಬ ಛಾಪಿಸಿ ಮಹಡಿ ಮನೆ ಕಟ್ಟಿದ. ಮಾಲಿಂಗನಿಗೆ ಉಳಿದದ್ದು ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಕೆಲಸ.

ಏಣಿ ಇಳಿಯುವಷ್ಟರಲ್ಲಿ ಅವಳು ಎದುರಿಗಿದ್ದಳು. ಹೆಸರು ದೀಪಾ ಅಂದಳು, ಧಾರವಾಡದಿಂದ ಬಂದೆ ಅಂದಳು. ಯಾವ ಇಲಾಖೆಯೆಂದು ಕೇಳುವ ಧೈರ್ಯ ಮಾಲಿಂಗನಿಗೆ ಬರಲಿಲ್ಲ. ಅವಳು ಗಿರಣಿಯ ಬೋರ್ಡಿನತ್ತ ಬೊಟ್ಟು ಮಾಡಿದಳು.

"ಇಂಥಾ ಅಕ್ಷರ ಬರದವರನ್ನ ಹುಡಕಾಕ ಬಂದೇನ್ರಿ ಕಾಕಾ. ಅವರ ಹೆಸರು ಇಡೀ ರಾಜ್ಯಕ್ಕ ಗೊತ್ತಾಗಬೇಕು."

ಮಾಲಿಂಗ ಕುಂಚವನ್ನು ಬೆನ್ನ ಹಿಂದೆ ಸರಿಸಿದ.

"ನಾ ಎತ್ತಿನ ಕೋಡಿಗೆ ಬಣ್ಣ ಹಚ್ಚಾಂವ್ರಿ. ಇವನ್ನ ಬರದಾಂವ ಮೂಡಲಗಿ ಲಗಮಣ್ಣ."

ಒಮ್ಮೆ ಹೇಳಿದ ಮೇಲೆ ನಾಲಿಗೆಗೆ ಲಗಾಮು ಉಳಿಯಲಿಲ್ಲ. ಗೋಕಾಕ, ಹುಕ್ಕೇರಿ, ಮೂಡಲಗಿ ಎಲ್ಲ ಕಡೆಯ ಬೋರ್ಡುಗಳೂ ಅವನವೇ ಎಂದ. ಅಪ್ಪನ ಪಟಗಾ ನೋಡಿ ಈ ತಲೆಕಟ್ಟು ಹುಟ್ಟಿಸಿದವನೂ ಅವನೇ, ಯಾರು ಬೇಡವೆಂದರೂ ಕೇಳಲಿಲ್ಲ ಎಂದ. ಮೊದಲಿಗೆ ಇಲ್ಲ ಅಂದಾನು, ಬಿಡಬೇಡಿ ಎಂದೂ ಸೇರಿಸಿದ. ದೀಪಾ ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೈಮುಗಿದು ಹೊರಟಳು. ಸರ್ಕಾರದವರೂ ಈಗೀಗ ಮರ್ಯಾದೆ ಕಲಿತಿದ್ದಾರೆ ಎಂದುಕೊಂಡ ಮಾಲಿಂಗ.

ಹೆಂಡತಿ ಶೆಟ್ಟೆವ್ವನಿಗೆ ಇದನ್ನೆಲ್ಲ ನಗುತ್ತಲೇ ಹೇಳಿದ. ಅವಳು ನಗಲಿಲ್ಲ.

"ಮಕ್ಕಳಿಲ್ಲದ ಮನಿಗೆ ಆ ಅಕ್ಷರನ ಮಕ್ಕಳು ಅಂತಿದ್ರಿ," ಎಂದಳು. "ಇವತ್ತ ಅವನ್ನೂ ಮಂದಿಗೆ ಕೊಟ್ಟ ಬಂದ್ರಿ."

ಮಾಲಿಂಗ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟ. ಆದರೆ ಲಗಮಣ್ಣ ದಂಡ ಕಟ್ಟುವ ಚಿತ್ರ ಕಣ್ಣ ಮುಂದೆ ಬಂದಾಗ ಮತ್ತೆ ಎತ್ತಿಕೊಂಡ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಸುದ್ದಿ ಬಂತು. ಲಗಮಣ್ಣನ ಅಂಗಡಿಯ ಮುಂದೆ ಕಾರುಗಳು ನಿಂತಿವೆ, ಆ ಹೆಣ್ಣುಮಗಳೂ ಇದ್ದಾಳೆ, ಜನ ಮುಗಿಬಿದ್ದಿದ್ದಾರೆ. ಮಾಲಿಂಗ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದ. ಅರಭಾವಿಯಲ್ಲಿ ಕಾಲೇಜು ಹುಡುಗರು ಹತ್ತುವುದು ತಡವಾದಾಗ, ಅಂಗಡಿಗೆ ಬೀಗ ಜಡಿಯುವುದನ್ನು ನೋಡುವ ಭಾಗ್ಯ ತಪ್ಪೀತೆಂದು ಡ್ರೈವರನ ಮೇಲೆ ರೇಗಿದ.

ಅಂಗಡಿಗೆ ಬೀಗ ಬಿದ್ದಿರಲಿಲ್ಲ. ಲಗಮಣ್ಣನ ಕೊರಳಲ್ಲಿ ಹಾರವಿತ್ತು, ಹೆಗಲ ಮೇಲೆ ಶಾಲಿತ್ತು, ಕೈಯಲ್ಲಿ ಮೈಕಿತ್ತು. ಅಪ್ಪನ ಪಟಗಾ ನೋಡುತ್ತ ನೋಡುತ್ತ ಈ ತಲೆಕಟ್ಟು ಹೊಳೆದ ಕಥೆಯನ್ನು ಅವನು ಕಣ್ಣೀರು ಒರೆಸಿಕೊಂಡು ಹೇಳುತ್ತಿದ್ದ. ಲಗಮಣ್ಣನ ಅಪ್ಪ ಜೀವಮಾನವಿಡೀ ಬೋಳುತಲೆಯಲ್ಲೇ ತಿರುಗಿದ್ದು ಮಾಲಿಂಗನಿಗೆ ಗೊತ್ತಿತ್ತು.

ದೀಪಾ ಗುಂಪಿನಲ್ಲಿ ಮಾಲಿಂಗನನ್ನು ಗುರುತಿಸಿ, ಕೈಹಿಡಿದು ಮುಂದಕ್ಕೆ ಕರೆತಂದಳು. ಹಳೆಯ ಬೋರ್ಡುಗಳು ಅಳಿಯುವ ಮೊದಲು ಅವುಗಳ ಅಕ್ಷರಗಳಿಂದ ಕಂಪ್ಯೂಟರಿಗೂ ಮೊಬೈಲಿಗೂ ಫಾಂಟ್ ಮಾಡುವುದೇ ತನ್ನ ಕೆಲಸ ಎಂದಳು. ಇನ್ನು ಮೇಲೆ ಯಾರು ಬೇಕಾದರೂ ಈ ಅಕ್ಷರದಲ್ಲಿ ಬರೆಯಬಹುದು. ನೀವು ದಾರಿ ತೋರಿಸಿದ್ದರಿಂದ ಮೊದಲು ಬರೆಯುವ ಹೆಸರು ನಿಮ್ಮದೇ ಇರಲಿ ಎಂದು, ಅವನ ಹೆಸರು ಕೇಳಿಕೊಂಡು ಮೊಬೈಲಿನಲ್ಲಿ ಒತ್ತಿ ತೋರಿಸಿದಳು.

'ಮಾಲಿಂಗ' ಎಂಬ ಹೆಸರು ಮಾಲಿಂಗನದೇ ಕೈಬರಹದಲ್ಲಿ, ಚುಂಗು ಸಮೇತ, ಪರದೆಯ ಮೇಲೆ ಮೂಡಿತು. ಅದರ ಮೇಲೆ ಸಣ್ಣಗೆ ಆ ಫಾಂಟಿನ ಹೆಸರಿತ್ತು: ಲಗಮಣ್ಣ.